ವಿಷದ ಹೆಸರು ಹೇಳಿದ ಕೂಗು

ಮಲೆನಾಡಿನ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಚಳವಳಿಯ ಹಾಡು ಇಂಪಾಗಿರಬೇಕು, ಮನವಿಪತ್ರ ಸಭ್ಯವಾಗಿರಬೇಕು, ಕೂಗಾಡುವವರಿಂದ ಆಗುವ ಕೆಲಸವೂ ಕೆಡುತ್ತದೆ ಎಂಬುದು ಆ ಮಾತು. ಪೇಟೆಯ ಕಾಲೇಜಿಗೆ ಹೋಗುವ ಮಕ್ಕಳು ಕೇಳುವ ಪಾಶ್ಚಾತ್ಯ ಅಬ್ಬರದ ಸಂಗೀತವನ್ನು ಹಿರಿಯರು ಇದೇ ನ್ಯಾಯದಿಂದ ತಳ್ಳಿಹಾಕುತ್ತಾರೆ. ಮಕ್ಕಳೂ ಕಡಿಮೆಯಿಲ್ಲ. ಎದೆಯ ಮೇಲೆ ಆ ತಂಡಗಳ ಲಾಂಛನವಿರುವ ಅಂಗಿ ತೊಟ್ಟು ತಿರುಗುವವರನ್ನು ನಿಲ್ಲಿಸಿ, ಆ ಹಾಡು ಯಾರ ಮೇಲೆ ಹರಿಹಾಯ್ದಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಹಿರಿಯರು ಸದ್ದಿಗೆ ಹೆದರಿ ಮಾತನ್ನು ಕೇಳಲಿಲ್ಲ; ಕಿರಿಯರು ಸದ್ದಿಗೆ ಮರುಳಾಗಿ ಮಾತನ್ನು ಕೇಳಲಿಲ್ಲ.

ಕೇಳಬೇಕಾದ ಮಾತು ಅಲ್ಲಿತ್ತು ಎಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ‘ಡೆಡ್ ಕೆನೆಡೀಸ್’ ಎಂಬ ಹಾರ್ಡ್‌ಕೋರ್ ಪಂಕ್ ತಂಡದ ಚರಿತ್ರೆಯೇ ಸಾಕ್ಷಿ. ಈ ತಂಡದ ಒಂದು ಹಾಡು ಒಂದೂವರೆ ನಿಮಿಷವೂ ಇಲ್ಲ. ಅದರ ಹೆಸರು ‘ಕೀಪೋನ್ ಫ್ಯಾಕ್ಟರಿ’. ಕೀಪೋನ್ ಎಂಬುದು ಒಂದು ಕೀಟನಾಶಕ. ಕೀಟನಾಶಕವೊಂದರ ಕಾರ್ಖಾನೆಯ ಕೂಲಿಯವನ ಪಾಡನ್ನು ವಿಷದ ಹೆಸರು ಹೇಳಿಯೇ ಹಾಡಿದ ಗೀತೆ ಕನ್ನಡದಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕುವ ಮುನ್ನ ಆ ಕಾರ್ಖಾನೆಯ ಕಥೆಯನ್ನು ತಿಳಿಯುವುದು ಲೇಸು.

ವರ್ಜೀನಿಯಾ ರಾಜ್ಯದ ಜೇಮ್ಸ್ ನದಿಯ ದಂಡೆಯಲ್ಲಿ ಹೋಪ್‌ವೆಲ್ ಎಂಬ ಚಿಕ್ಕ ಪಟ್ಟಣವಿದೆ. ದಕ್ಷಿಣದ ರಾಸಾಯನಿಕ ರಾಜಧಾನಿ ತಾನೆಂದು ಅದು ಒಮ್ಮೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ಅಲ್ಲಿದ್ದ ಅಲೈಡ್ ಕೆಮಿಕಲ್ ಎಂಬ ದೊಡ್ಡ ಕಂಪನಿಯು ಕೀಪೋನನ್ನು ತಯಾರಿಸುತ್ತಿತ್ತು. ಬಾಳೆಯ ಗೆಡ್ಡೆ ಕೊರೆಯುವ ಮೂತಿಹುಳು, ಇರುವೆ, ಜಿರಲೆ ಇವುಗಳಿಗೆ ಆ ಪುಡಿ ಬಳಕೆಯಾಗುತ್ತಿತ್ತು. ತಯಾರಾದದ್ದರ ಬಹುಪಾಲು ಹೊರದೇಶಗಳಿಗೆ ಹೋಗುತ್ತಿತ್ತು. ಈ ಪುಡಿ ತಿಂದ ಪ್ರಯೋಗಶಾಲೆಯ ಪ್ರಾಣಿಗಳಿಗೆ ನಡುಕ ಬರುತ್ತದೆ ಎಂಬುದು 1960ರ ದಶಕದ ಆರಂಭದ ಹೊತ್ತಿಗೇ ಕಂಪನಿಗೆ ತಿಳಿದಿತ್ತು. ಆದರೂ 1974ರಲ್ಲಿ ತಯಾರಿಕೆಯ ಕೆಲಸವನ್ನು ಅದು ‘ಲೈಫ್ ಸೈನ್ಸ್ ಪ್ರಾಡಕ್ಟ್ಸ್’ ಎಂಬ ಪುಟ್ಟ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಆ ಸಂಸ್ಥೆಯನ್ನು ಕಟ್ಟಿದವರು ಅಲೈಡ್ ಕಂಪನಿಯ ಇಬ್ಬರು ಮಾಜಿ ನೌಕರರು. ಅದರ ಕಾರ್ಖಾನೆ ಹಳೆಯ ಪೆಟ್ರೋಲ್ ಬಂಕಿನ ಜಾಗದಲ್ಲಿ ಎದ್ದದ್ದು. ಹೆಸರಿನಲ್ಲಿ ‘ಜೀವವಿಜ್ಞಾನ’ ಎಂಬ ಪದವಿದ್ದುದನ್ನು ಓದುಗರು ಗಮನಿಸಬೇಕು.

ಹದಿನಾರು ತಿಂಗಳು ಆ ಕಾರ್ಖಾನೆ ನಡೆಯಿತು. ಕೂಲಿಗಳು ಬಿಳಿಯ ಪುಡಿಯಲ್ಲಿ ಮಿಂದು ಕೆಲಸ ಮಾಡಿದರು, ಅದೇ ಬಟ್ಟೆಯಲ್ಲಿ ಮನೆಗೆ ಹೋದರು, ಆ ಬಟ್ಟೆ ಒಗೆದ ಹೆಂಡಿರ ರಕ್ತದಲ್ಲಿಯೂ ಕೀಪೋನ್ ಸೇರಿತು. ಕೈ ನಡುಗತೊಡಗಿತು. ಕಾಫಿಯ ಲೋಟ ಹಿಡಿಯಲಾಗದು, ಕಣ್ಣುಗುಡ್ಡೆ ಒಂದೆಡೆ ನಿಲ್ಲದು, ತೂಕ ಇಳಿಯಿತು, ಕೆಲವರ ವೀರ್ಯದಲ್ಲಿ ಜೀವಾಣುಗಳೇ ಕ್ಷೀಣಿಸಿದವು. ಕಂಪನಕ್ಕೆ ಅಲ್ಲಿನ ಜನ ವಿಷದ ಹೆಸರನ್ನೇ ಸೇರಿಸಿ ‘ಕೀಪೋನ್ ನಡುಕ’ ಎಂದು ಕರೆದರು. ಕೊನೆಗೆ 1975ರ ಬೇಸಿಗೆಯಲ್ಲಿ ಸ್ಥಳೀಯ ವೈದ್ಯರೊಬ್ಬರು ಒಬ್ಬ ಕೂಲಿಯ ರಕ್ತವನ್ನು ಅಟ್ಲಾಂಟಾದ ರೋಗನಿಯಂತ್ರಣ ಕೇಂದ್ರಕ್ಕೆ ಪರೀಕ್ಷೆಗೆ ಕಳುಹಿಸಿದರು. ಅಲ್ಲಿಂದ ಉತ್ತರ ಬಂದ ಮೇಲೆ ಜುಲೈ ತಿಂಗಳಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ರೋಗಲಕ್ಷಣ ಕಂಡುಬಂದವರು 70ಕ್ಕೂ ಹೆಚ್ಚು.

ಕೃಷಿಕರಿಗೆ ಥಟ್ಟನೆ ಅರ್ಥವಾಗುವ ಸಂಗತಿಯೊಂದು ಈ ಪ್ರಕರಣದಲ್ಲಿದೆ. ಕಾರ್ಖಾನೆಯ ಕೊಳಚೆ ಪಟ್ಟಣದ ಚರಂಡಿಗೆ ಸೇರುತ್ತಿತ್ತು. ಪಟ್ಟಣದ ಕೊಳಚೆ ಶುದ್ಧೀಕರಣದ ತೊಟ್ಟಿಯು ಗೋಬರ್ ಗ್ಯಾಸಿನ ಗುಂಡಿಯಂತೆಯೇ ಸೂಕ್ಷ್ಮಾಣುಗಳಿಂದ ನಡೆಯುವಂಥದ್ದು. ಕೀಪೋನ್ ಹರಿದುಬಂದ ಕೆಲವೇ ತಿಂಗಳಲ್ಲಿ ಆ ಸೂಕ್ಷ್ಮಾಣುಗಳು ಸತ್ತು ತೊಟ್ಟಿ ಕೆಲಸ ನಿಲ್ಲಿಸಿತು. ಮನುಷ್ಯರಲ್ಲಿ ರೋಗ ಪತ್ತೆಯಾಗುವುದಕ್ಕೆ ಮೊದಲು ಪಟ್ಟಣದ ಹೊಲಸೇ ದೂರು ಕೊಟ್ಟಿತ್ತು! ಆ ದೂರನ್ನು ಓದುವವರು ಇರಲಿಲ್ಲ, ಅಷ್ಟೆ. 1975ರ ಡಿಸೆಂಬರಿನಲ್ಲಿ ರಾಜ್ಯದ ಗವರ್ನರು ಜೇಮ್ಸ್ ನದಿಯಲ್ಲಿ ರಿಚ್‌ಮಂಡ್ ನಗರದಿಂದ ಕೊಲ್ಲಿಯವರೆಗೆ ಸುಮಾರು 100 ಮೈಲಿಗಳ ಉದ್ದಕ್ಕೆ ಮೀನುಗಾರಿಕೆಯನ್ನು ನಿಷೇಧಿಸಿದರು. ನಿರ್ಬಂಧವು ಪೂರ್ತಿಯಾಗಿ ತೆರವಾದದ್ದು 1988ರಲ್ಲಿ. ಹದಿನಾರು ತಿಂಗಳ ಕಾರ್ಖಾನೆಗೆ ಮೀನುಗಾರರು ಕೊಟ್ಟ ಬೆಲೆ ಹದಿಮೂರು ವರ್ಷ.

ಅಲೈಡ್ ಕಂಪನಿಗೆ ನ್ಯಾಯಾಲಯ 1976ರಲ್ಲಿ ವಿಧಿಸಿದ ದಂಡ 1 ಕೋಟಿ 30 ಲಕ್ಷ ಡಾಲರಿಗೂ ಮೇಲ್ಪಟ್ಟದ್ದು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಕಂಪನಿಯು 80 ಲಕ್ಷ ಡಾಲರುಗಳನ್ನು ಪರಿಸರ ನಿಧಿಯೊಂದಕ್ಕೆ ಕೊಟ್ಟ ಮೇಲೆ ದಂಡವು ಸುಮಾರು 50 ಲಕ್ಷಕ್ಕೆ ಇಳಿಯಿತು. ಗುತ್ತಿಗೆ ಸಂಸ್ಥೆಯ ಇಬ್ಬರು ಒಡೆಯರಿಗೆ ತಲಾ 25,000 ಡಾಲರು ದಂಡ. ಸೆರೆಮನೆ ಕಂಡವರು ಯಾರೂ ಇಲ್ಲ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಆ ತಂಡ ಹುಟ್ಟಿತು. 1978ರಲ್ಲಿ ಈಸ್ಟ್ ಬೇ ರೇ ಎಂದು ಹೆಸರಿಟ್ಟುಕೊಂಡ ಗಿಟಾರ್ ವಾದಕನೊಬ್ಬ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜೊತೆಗಾರರನ್ನು ಕೂಡಿಸಿದನು. ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಫಿಲಿಪ್ಪೀನ್ಸ್ ಮೂಲದವರ ಊಟದ ಹೋಟೆಲಾಗಿದ್ದು ಸಂಗೀತದ ತಾಣವಾದ ‘ಮಬುಹಾಯ್ ಗಾರ್ಡನ್ಸ್’ನಲ್ಲಿ ಮೊದಲ ಕಾರ್ಯಕ್ರಮ ನಡೆಯಿತು. ಗಾಯಕನು ಕೊಲರಾಡೋ ರಾಜ್ಯದಿಂದ ಬಂದ ಇಪ್ಪತ್ತು ವರ್ಷದ ಎರಿಕ್ ಬೌಚರ್. ಅವನು ತನಗಿಟ್ಟುಕೊಂಡ ಹೆಸರು ಜೆಲ್ಲೋ ಬಿಯಾಫ್ರಾ. ಜೆಲ್ಲೋ ಎಂದರೆ ಅಮೆರಿಕದ ಮನೆಮನೆಯಲ್ಲಿ ಊಟದ ಕೊನೆಗೆ ತಿನ್ನುವ, ತಳತಳಿಸುವ ಸಿಹಿ ಪದಾರ್ಥ. ಬಿಯಾಫ್ರಾ ಎಂದರೆ ನೈಜೀರಿಯಾದಿಂದ ಬೇರೆಯಾಗಲು ಹೊರಟು 1967ರಿಂದ 1970ರವರೆಗಿನ ಯುದ್ಧದಲ್ಲಿ ಹಸಿವಿನಿಂದ ನಾಶವಾದ ನಾಡು. ಒಂದೇ ಹೆಸರಿನಲ್ಲಿ ಒಬ್ಬರ ಊಟದ ತಟ್ಟೆಯನ್ನೂ ಇನ್ನೊಬ್ಬರ ಉಪವಾಸವನ್ನೂ ಒಟ್ಟಿಗೆ ಬಡಿಸಿದಂತಾಯಿತು. ಕೃಷಿ ಅರ್ಥಶಾಸ್ತ್ರದ ದಪ್ಪ ಪುಸ್ತಕಗಳು ಅಧ್ಯಾಯಗಟ್ಟಲೆ ವಿವರಿಸುವ ವಿಷಯವದು. ತಂಡದ ಹೆಸರಾದರೋ ಹತ್ಯೆಗೀಡಾದ ಕೆನೆಡಿ ಸಹೋದರರನ್ನು ಲೇವಡಿ ಮಾಡುತ್ತದೆ ಎಂದು ಅನೇಕರು ಸಿಡಿದೆದ್ದರು. ಸತ್ತದ್ದು ಅಮೆರಿಕದ ಕನಸು ಎಂಬುದು ಗಾಯಕನ ಸಮರ್ಥನೆಯಾಗಿತ್ತು. ಹೆಸರಿಗೆ ಹೆದರಿದ ಕಡೆಗಳಲ್ಲಿ ಬೇರೆ ಹೆಸರಿನಲ್ಲಿ ಹಾಡಿದ್ದೂ ಉಂಟು.

1979ರಲ್ಲಿ ‘ಆಲ್ಟರ್ನೇಟಿವ್ ಟೆಂಟಕಲ್ಸ್’ ಎಂಬ ತಮ್ಮದೇ ಪ್ರಕಾಶನ ಸಂಸ್ಥೆಯನ್ನು ಕಟ್ಟಿಕೊಂಡರು. ಅದೇ ವರ್ಷ ಗಾಯಕ ನಗರದ ಮೇಯರ್ ಸ್ಥಾನಕ್ಕೂ ನಿಂತನು. ವ್ಯಾಪಾರಿ ಸಂಸ್ಥೆಗಳ ಮಂದಿ ನಗರದೊಳಗೆ ವಿದೂಷಕರ ವೇಷದಲ್ಲಿ ಓಡಾಡಬೇಕು, ನಗರದಲ್ಲಿ ಮೋಟಾರು ಕಾರು ಬೇಡ, ಪೋಲೀಸರನ್ನು ಅವರು ಕಾಯುವ ಬಡಾವಣೆಯ ಜನರೇ ಚುನಾಯಿಸಬೇಕು ಎಂಬುವು ಅವನ ಪ್ರಣಾಳಿಕೆಯಲ್ಲಿದ್ದವು. ನಾಲ್ಕನೆಯ ಸ್ಥಾನ ದೊರೆಯಿತು. 6,000ಕ್ಕೂ ಹೆಚ್ಚು ಮತಗಳು ಬಿದ್ದವು. ಮೂರು ಬೇಡಿಕೆಗಳಲ್ಲಿ ಯಾವುದು ಹಾಸ್ಯ, ಯಾವುದು ಗಂಭೀರ ಎಂದು ಬಿಡಿಸಿ ಹೇಳುವುದು ಇಂದಿಗೂ ಕಷ್ಟ.

1980ರಲ್ಲಿ ಬಂದ ಮೊದಲ ಧ್ವನಿಮುದ್ರಿಕೆಯ ಹೆಸರಿಗೆ ‘ಕೊಳೆಯುವ ತರಕಾರಿಗೆ ತಾಜಾ ಹಣ್ಣು’ ಎಂದು ಅರ್ಥ. 1981ರಲ್ಲಿ ಡಿ.ಎಚ್. ಪೆಲಿಗ್ರೋ ಎಂಬ ಕಪ್ಪು ಜನಾಂಗದ ಡ್ರಮ್ ವಾದಕ ಸೇರಿದ ಮೇಲೆ ವೇಗ ಇಮ್ಮಡಿಸಿತು. ಲಾಸ್ ಏಂಜಲೀಸ್, ವಾಷಿಂಗ್ಟನ್ ಮೊದಲಾದ ಕಡೆ ಆಗಲೇ ಮೊಳೆಯುತ್ತಿದ್ದ, ಅತಿ ಚುಟುಕಾದ, ಅತಿ ವೇಗದ ಹಾರ್ಡ್‌ಕೋರ್ ಶೈಲಿಗೆ ತಂಡ ಪೂರ್ತಿಯಾಗಿ ತಿರುಗಿದ್ದು ಆ ವರ್ಷದ ಕೊನೆಯಲ್ಲಿ ಬಂದ ‘ಇನ್ ಗಾಡ್ ವಿ ಟ್ರಸ್ಟ್, ಇಂಕ್.’ ಎಂಬ ಎಂಟು ಹಾಡುಗಳ ಮುದ್ರಿಕೆಯಲ್ಲಿ. ‘ಕೀಪೋನ್ ಫ್ಯಾಕ್ಟರಿ’ ಅದರಲ್ಲಿದೆ. ಸಂಬಳಕ್ಕೆ ಸೇರಿದವನ ನರಗಳು ಕುಸಿಯುವ ಬಗೆಯನ್ನು ಹಾಡು ಕರುಣೆಯ ಧಾಟಿಯಲ್ಲಿ ಹೇಳುವುದಿಲ್ಲ; ಸರ್ಕಸ್ಸಿನ ಕೂಗುಗಾರನ ಧಾಟಿಯಲ್ಲಿ ಹೇಳುತ್ತದೆ. ಪಲ್ಲವಿಯಲ್ಲಿ ಕೀಪೋನಿನ ಹೆಸರಿನ ಜೊತೆಗೆ ಜಪಾನಿನ ಮಿನಮಾಟಾ ಊರಿನ ಹೆಸರನ್ನು ಮತ್ತೆ ಮತ್ತೆ ಕೂಗಲಾಗುತ್ತದೆ. ಅಲ್ಲಿ ಚಿಸ್ಸೋ ಕಂಪನಿ ಸಮುದ್ರಕ್ಕೆ ಬಿಟ್ಟ ಪಾದರಸವು ಮೀನಿನ ಮೂಲಕ ಬೆಸ್ತರ ಮೆದುಳನ್ನು ಸೇರಿತ್ತು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಕಾರಣ ಕಂಪನಿಯದೇ ಎಂದು ಜಪಾನ್ ಸರ್ಕಾರ ಒಪ್ಪಿದ್ದು 1968ರಲ್ಲಿ. ಕಂಪನಿಯ ಆಸ್ಪತ್ರೆಯ ವೈದ್ಯನೇ 1959ರಲ್ಲಿ ಆ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ಕಾರಣ ಕಂಡಿದ್ದನು. ಆ ಫಲಿತಾಂಶ ಹೊರಗೆ ಬರಲಿಲ್ಲ.

ಹೋಪ್‌ವೆಲ್ ಕುರಿತ ವಿಚಾರಣೆ, ವರದಿ, ಪ್ರಬಂಧಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ಹೋಪ್‌ವೆಲನ್ನು ಒಂದು ‘ಘಟನೆ’ ಎಂದು ಕರೆದವು. ಎಲ್ಲೋ ಆದ ಒಂದು ಎಡವಟ್ಟು, ಮುಗಿದುಹೋದದ್ದು. ಎರಡು ಊರುಗಳ ಹೆಸರನ್ನು ಪಕ್ಕಪಕ್ಕದಲ್ಲಿಟ್ಟು ಇದು ಘಟನೆಯಲ್ಲ, ಪದ್ಧತಿ ಎಂದು ಹೇಳಲು ಗಾಯಕನಿಗೆ ಒಂದು ಪಲ್ಲವಿ ಸಾಕಾಯಿತು. ವೈಜ್ಞಾನಿಕ ಬರವಣಿಗೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ‘ಮಣ್ಣಿನಲ್ಲಿ ಶೇಷಾಂಶ ಕಂಡುಬಂದಿದೆ’, ‘ಸಾಂದ್ರತೆ ದಾಖಲಾಗಿದೆ’ ಎಂಬ ವಾಕ್ಯಗಳಲ್ಲಿ ಕ್ರಿಯೆ ಇದೆ, ಕರ್ತೃವಿಲ್ಲ. ವಿಷ ತಾನಾಗಿ ಬಂದು ಮಣ್ಣಿನಲ್ಲಿ ಕುಳಿತಂತೆ ತೋರುತ್ತದೆ. ವ್ಯಾಕರಣದ ಈ ಮರೆಯಲ್ಲಿ ಎಷ್ಟು ಕಂಪನಿಗಳು ನೆಮ್ಮದಿಯಾಗಿ ಬಾಳಿವೆ! ಕೂಗುವ ಹಾಡಿಗೆ ಆ ಸಭ್ಯತೆ ಇಲ್ಲ. ಅದು ಕರ್ತೃಪದವನ್ನು ಹುಡುಕಿ ತಂದು ವಾಕ್ಯದ ಮುಂದೆ ನಿಲ್ಲಿಸುತ್ತದೆ.

ತಂಡದ ಮುಖ್ಯ ಆಯುಧ ವ್ಯಂಗ್ಯ. ಅದರಲ್ಲಿಯೂ ಅಧಿಕಾರಸ್ಥನ ಬಾಯಿಂದಲೇ ಮಾತಾಡಿಸುವ ನಿಂದಾಸ್ತುತಿ. ಕಟ್ಟಡ ಉಳಿಸಿ ಜನರನ್ನು ಮಾತ್ರ ಕೊಲ್ಲುವುದೆಂದು ಹೆಸರಾದ ನ್ಯೂಟ್ರಾನ್ ಬಾಂಬಿನ ಚರ್ಚೆ ಅಮೆರಿಕದಲ್ಲಿ ನಡೆಯುತ್ತಿದ್ದಾಗ, 1980ರ ‘ಕಿಲ್ ದ ಪೂರ್’ ಹಾಡು ಆ ಬಾಂಬನ್ನು ಬಡತನ ನಿರ್ಮೂಲನದ ಯೋಜನೆಯೆಂದು ಕೊಂಡಾಡಿತು: ಬಡವರು ಹೋಗುತ್ತಾರೆ, ಆಸ್ತಿ ಉಳಿಯುತ್ತದೆ, ಸಿರಿವಂತರು ಕುಣಿಯುತ್ತಾರೆ. 1981ರಲ್ಲಿ ರೇಗನ್ ಸರ್ಕಾರ ಆ ಬಾಂಬಿನ ತಯಾರಿಕೆಗೆ ಒಪ್ಪಿಗೆ ಕೊಟ್ಟಿತು. ಯೋಜನಾ ವರದಿಗಳನ್ನು ಓದಿ ಅಭ್ಯಾಸವಿರುವವರಿಗೆ ಆ ಹಾಡಿನ ಭಾಷೆ ಅಪರಿಚಿತವಲ್ಲ. ಮುಳುಗಡೆಯ ಊರನ್ನು ‘ಜಲಾನಯನ’ ಎಂದೂ ಎಬ್ಬಿಸಿದ ಜನರನ್ನು ‘ಫಲಾನುಭವಿಗಳು’ ಎಂದೂ ಬರೆದ ಕಡತಗಳು ಮಲೆನಾಡಿನ ಪ್ರತಿ ತಾಲ್ಲೂಕಿನಲ್ಲಿವೆ. ಅಷ್ಟೇಕೆ, ಕೀಟನಾಶಕವನ್ನು ಕನ್ನಡಿಗರು ಕರೆಯುವುದೇ ‘ಮದ್ದು’ ಎಂದು, ‘ಔಷಧಿ’ ಎಂದು. ತೋಟಕ್ಕೆ ಔಷಧಿ ಹೊಡೆಯುತ್ತಾರೆ. ಹೊಡೆದವನನ್ನು ಆಸ್ಪತ್ರೆಗೆ ಒಯ್ದರೆ ಅಲ್ಲಿಯೂ ಔಷಧಿ ಕೊಡುತ್ತಾರೆ. ಆ ತಂಡ ಕಷ್ಟಪಟ್ಟು ಕಟ್ಟಿದ ವ್ಯಂಗ್ಯವನ್ನು ಕನ್ನಡದ ದಿನಬಳಕೆಯ ಮಾತು ತಿಳಿಯದೆಯೇ ಆಡುತ್ತಿದೆ.

ಈಗ ಚಳವಳಿಯವರಿಗೇ ಕಹಿಯಾಗುವ ಭಾಗ. ತಂಡದ ಮೊದಲ ಹಾಡು, 1979ರ ‘ಕ್ಯಾಲಿಫೋರ್ನಿಯಾ ಊಬರ್ ಆಲೆಸ್’, ಹರಿಹಾಯ್ದದ್ದು ಎಣ್ಣೆ ಕಂಪನಿಯ ಮೇಲಲ್ಲ. ಆಗ ಕ್ಯಾಲಿಫೋರ್ನಿಯಾದ ಗವರ್ನರಾಗಿದ್ದ, ಸರಳ ಜೀವನ, ಧ್ಯಾನ, ಪರಿಸರಪ್ರೇಮಗಳಿಗೆ ಹೆಸರಾಗಿದ್ದ ಜೆರ್ರಿ ಬ್ರೌನ್ ಮೇಲೆ. ಆ ಮನುಷ್ಯ ದೇಶಾಧ್ಯಕ್ಷನಾದರೆ ಮಕ್ಕಳು ಶಾಲೆಯಲ್ಲಿ ಕಡ್ಡಾಯವಾಗಿ ಧ್ಯಾನ ಮಾಡಬೇಕಾದೀತು, ಒಪ್ಪದವರನ್ನು ನಗುನಗುತ್ತಲೇ ಇಲ್ಲವಾಗಿಸಲಾದೀತು ಎಂಬುದು ಅದರ ಕಲ್ಪನೆ. ಬ್ರೌನನ ಬಗ್ಗೆ ಅದು ಅತಿಶಯೋಕ್ತಿಯೇ ಸರಿ. ಅವನು 2011ರಿಂದ 2019ರವರೆಗೆ ಮತ್ತೆ ಗವರ್ನರಾದಾಗಲೂ ಅಂಥದ್ದೇನೂ ಆಗಲಿಲ್ಲ. ಆದರೆ ಹಸಿರು ಬಣ್ಣ ಬಳಿದ ಅಧಿಕಾರವೂ ಅಧಿಕಾರವೇ ಎಂಬ ಮಾತು ಸುಳ್ಳಲ್ಲ. ಕಾಡು ಉಳಿಸುವ ಹೆಸರಿನಲ್ಲಿ ಕಾಡಿನ ಜನರನ್ನು ಎಬ್ಬಿಸಲು ಹೊರಟವರಿಗೂ, ಅದಕ್ಕೆ ತಲೆದೂಗಿದ ಪೇಟೆಯ ವನ್ಯಪ್ರೇಮಿಗಳಿಗೂ ಈ ಹಾಡನ್ನು ಕೇಳಿಸಬೇಕು.

1980ರ ‘ಹಾಲಿಡೇ ಇನ್ ಕಾಂಬೋಡಿಯಾ’ ವಿದ್ಯಾರ್ಥಿಗಳನ್ನು ನೇರವಾಗಿ ಮುಟ್ಟುತ್ತದೆ. ಬಡವರ ನೋವು ತನಗೆ ಗೊತ್ತೆಂದು ಬೀಗುವ ಸಿರಿವಂತ ಕಾಲೇಜು ಹುಡುಗನನ್ನು ಹಾಡು ಪೋಲ್ ಪಾಟನ ಕಾಂಬೋಡಿಯಾಕ್ಕೆ ರಜೆ ಕಳೆಯಲು ಕಳುಹಿಸುತ್ತದೆ. 1975ರಿಂದ 1979ರವರೆಗಿನ ಆ ಆಳ್ವಿಕೆ ನಗರಗಳನ್ನು ಬರಿದುಮಾಡಿ ಎಲ್ಲರನ್ನೂ ಗದ್ದೆಗೆ ಅಟ್ಟಿತ್ತು. ಹೆಕ್ಟೇರಿಗೆ ಮೂರು ಟನ್ ಭತ್ತ ಬೆಳೆಯಲೇಬೇಕೆಂದು ಅದು ದೇಶಕ್ಕೆಲ್ಲ ಒಂದೇ ಗುರಿ ವಿಧಿಸಿತು. ಭತ್ತದ ಬೇಸಾಯ ಬಲ್ಲವರಿಗೆ ಗೊತ್ತು: ಮಳೆಯಾಶ್ರಿತ ಗದ್ದೆಯೂ ನದಿಬಯಲಿನ ಗದ್ದೆಯೂ ಒಂದೇ ಲೆಕ್ಕಕ್ಕೆ ಬರುವುದಿಲ್ಲ, ಮಣ್ಣು, ತಳಿ, ನೀರು, ಗೊಬ್ಬರ ಯಾವುದನ್ನೂ ಕೇಳದೆ ಘೋಷಣೆಯಿಂದ ಇಳುವರಿ ಏರುವುದಿಲ್ಲ. ಏರದಿದ್ದಾಗ ಏರಿತೆಂದು ಬರೆದುಕೊಟ್ಟರು, ಬರೆದ ಲೆಕ್ಕದಂತೆ ಭತ್ತವನ್ನು ಒಯ್ದರು, ಬೆಳೆದವರು ಗಂಜಿನೀರು ಕುಡಿದು ಸತ್ತರು. ‘ಮಣ್ಣಿಗೆ ಮರಳಿ’ ಎಂಬ ಮಾತನ್ನು ಕೆಸರು ತುಳಿಯದ ಕಾಲಿನವರು ಬಹಳ ಸಲೀಸಾಗಿ ಆಡುತ್ತಾರೆ. ಬೇಸಿಗೆ ಶಿಬಿರಕ್ಕೆ ಬಂದು ಎರಡು ದಿನ ನಾಟಿ ಮಾಡಿ, ಹಳ್ಳಿಯ ಬದುಕು ಎಷ್ಟು ಸರಳ ಎಂದು ಪ್ರಬಂಧ ಬರೆಯುವ ಮಿತ್ರರು ಈ ಹಾಡಿನ ಗುರಿಯೊಳಗೇ ಇದ್ದಾರೆ.

1982ರ ‘ಮೂನ್ ಓವರ್ ಮರೀನ್’ ಹಾಡಿನಲ್ಲಿ ವೇಗ ಕೊಂಚ ತಗ್ಗುತ್ತದೆ. ಎಣ್ಣೆಯಿಂದ ಕೊಳೆತ ಕಡಲತೀರದಲ್ಲಿ ತನ್ನ ಖಾಸಗಿ ಬೆಳದಿಂಗಳನ್ನು ಸವಿಯುವ ಸಿರಿವಂತನ ಚಿತ್ರ ಅದರಲ್ಲಿದೆ. 1971ರಲ್ಲಿ ಗೋಲ್ಡನ್ ಗೇಟ್ ಸೇತುವೆಯ ಬುಡದಲ್ಲಿ ಎರಡು ಎಣ್ಣೆ ಹಡಗುಗಳು ಡಿಕ್ಕಿಯಾಗಿ ಕೊಲ್ಲಿಯೆಲ್ಲ ಕಪ್ಪಾದುದನ್ನು ಆ ಊರು ಮರೆತಿರಲಿಲ್ಲ. ಉಳಿದ ಹಾಡುಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಬೇಕಾಗಿಲ್ಲ. ಎಲ್ಲವೂ ಒಂದೇ ಮಟ್ಟದವೂ ಅಲ್ಲ.

1981ರ ಆ ಮುದ್ರಿಕೆಯ ಕ್ಯಾಸೆಟ್ಟಿನ ಬಗ್ಗೆ ಮಾತ್ರ ಒಂದು ಮಾತು. ಮನೆಯಲ್ಲಿ ಹಾಡು ನಕಲು ಮಾಡಿಕೊಳ್ಳುವವರಿಂದ ಸಂಗೀತವೇ ಸಾಯುತ್ತಿದೆ ಎಂದು ದೊಡ್ಡ ಕಂಪನಿಗಳು ಆಗ ಗೋಳಿಡುತ್ತಿದ್ದವು. ತಂಡವು ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಪೂರ್ತಿ ಖಾಲಿ ಬಿಟ್ಟು, ಕಂಪನಿಗಳ ಲಾಭ ಕೆಡಿಸುವ ಆ ಕೆಲಸಕ್ಕೆ ನೆರವಾಗಲೆಂದೇ ಹೀಗೆ ಬಿಟ್ಟಿದ್ದೇವೆ ಎಂಬ ಅರ್ಥದ ಒಕ್ಕಣೆಯನ್ನು ಅದರ ಮೇಲೆ ಅಚ್ಚು ಹಾಕಿಸಿತು. ಬಿತ್ತನೆ ಭತ್ತವನ್ನು ನೆರೆಮನೆಗೆ ಕೊಡುವುದು ಕಳ್ಳತನವೆಂದು ಬೀಜ ಕಂಪನಿಗಳು ವಾದಿಸುವ ಕಾಲದಲ್ಲಿ ಇದು ಬರೀ ಸಂಗೀತದ ಸುದ್ದಿಯಲ್ಲ. ಭಾರತದ 2001ರ ಸಸ್ಯತಳಿ ಕಾಯಿದೆಯು ಬೀಜವನ್ನು ಉಳಿಸುವ, ಬಿತ್ತುವ, ಕೊಡುವ, ಮಾರುವ ಹಕ್ಕನ್ನು, ಬ್ರಾಂಡ್ ಹೆಸರಿನಲ್ಲಿ ಮಾರಬಾರದೆಂಬ ಷರತ್ತಿನೊಂದಿಗೆ, ರೈತನ ಕೈಯಲ್ಲಿ ಇರಿಸಿದೆ. ಆ ಹಕ್ಕು ತನಗಿದೆಯೆಂದು ಎಷ್ಟು ರೈತರಿಗೆ ತಿಳಿದಿದೆ?

ಈಗ ಮೇಲೆ ನೆನಪಿಡಲು ಹೇಳಿದ ವಾಕ್ಯಕ್ಕೆ ಬರಬೇಕು. 1985ರ ‘ಫ್ರಾಂಕನ್‌ಕ್ರೈಸ್ಟ್’ ಎಂಬ ಮುದ್ರಿಕೆಯ ಜೊತೆಗೆ ಸ್ವಿಸ್ ಕಲಾವಿದ ಎಚ್.ಆರ್. ಗೀಗರನ ಒಂದು ಚಿತ್ರವನ್ನು ಮಡಚಿ ಇಡಲಾಗಿತ್ತು. ಚಿತ್ರ ಅಶ್ಲೀಲವೆಂದು ದೂರು ಬಂತು. 1986ರ ಏಪ್ರಿಲಿನಲ್ಲಿ ಪೋಲೀಸರು ಗಾಯಕನ ಮನೆಯನ್ನು ಜಾಲಾಡಿದರು. ಅಪ್ರಾಪ್ತ ವಯಸ್ಕರಿಗೆ ‘ಹಾನಿಕಾರಕ ವಸ್ತು’ ಹಂಚಿದ ಆರೋಪ ಐವರ ಮೇಲೆ ಬಿತ್ತು; ಮುದ್ರಿಕೆಯನ್ನು ಒತ್ತಿಕೊಟ್ಟ ಕಾರ್ಖಾನೆಯ ವೃದ್ಧ ಒಡೆಯನೂ ಅವರಲ್ಲೊಬ್ಬ. ಒಂದು ವರ್ಷದ ಸೆರೆವಾಸ ಆಗಬಹುದಾಗಿತ್ತು. 1987ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ತೀರ್ಪುಗಾರರಲ್ಲಿ ಒಮ್ಮತ ಮೂಡದೆ ಮೊಕದ್ದಮೆ ಬಿದ್ದುಹೋಯಿತು. ಅಷ್ಟರಲ್ಲಿ ತಂಡವೇ ಒಡೆದಿತ್ತು. ಹಾನಿಕಾರಕ ವಸ್ತು! ಹೋಪ್‌ವೆಲಿನಲ್ಲಿ ತಂದೆಯ ಅಂಗಿಗೆ ಅಂಟಿ ಮನೆಗೆ ಬಂದ ಪುಡಿಯೂ ಅಪ್ರಾಪ್ತ ವಯಸ್ಕರ ಮೈ ಸೇರಿತ್ತು. ಅದಕ್ಕಾಗಿ ಯಾರ ಮನೆಯನ್ನೂ ಯಾರೂ ಜಾಲಾಡಲಿಲ್ಲ. ವಿಷ ಹಂಚಿದವನು ದಂಡ ಕಟ್ಟುತ್ತಾನೆ, ಚಿತ್ರ ಹಂಚಿದವನು ಜೈಲಿನ ಬಾಗಿಲಿಗೆ ಹೋಗುತ್ತಾನೆ; ಈ ನ್ಯಾಯದ ತಕ್ಕಡಿಯನ್ನು ಇಂಪಾದ ಧ್ವನಿಯಲ್ಲಿ ಪ್ರಶ್ನಿಸಬೇಕೆಂಬ ಸಲಹೆ ಯಾರ ಹಿತಕ್ಕಾಗಿ?

ತಂಡವನ್ನು ಪೂಜಿಸುವ ಅಗತ್ಯವೂ ಇಲ್ಲ. ಲಾಭಕೋರತನವನ್ನು ಹೀಗಳೆದ ಇದೇ ಗೆಳೆಯರು 1998ರಲ್ಲಿ ಗೌರವಧನದ ವಿಚಾರವಾಗಿ ಪರಸ್ಪರ ನ್ಯಾಯಾಲಯಕ್ಕೆ ಹೋದರು. ಹಣ ಸರಿಯಾಗಿ ಸಂದಿಲ್ಲವೆಂಬ ಉಳಿದವರ ವಾದವನ್ನು 2000ದಲ್ಲಿ ತೀರ್ಪುಗಾರರು ಎತ್ತಿಹಿಡಿದರು. 2003ರಲ್ಲಿ ಮೇಲ್ಮನವಿಯೂ ಗಾಯಕನ ವಿರುದ್ಧವಾಯಿತು. ಜೀನ್ಸ್ ಕಂಪನಿಯೊಂದರ ಜಾಹೀರಾತಿಗೆ ಕಾಂಬೋಡಿಯಾದ ಹಾಡನ್ನು ಕೊಡಲು ತಾನು ಒಪ್ಪದಿದ್ದುದೇ ಜಗಳದ ಮೂಲ ಎಂದು ಅವನೆಂದರೆ, ಉಳಿದವರು ಅದನ್ನು ಅಲ್ಲಗಳೆದರು. 2001ರಿಂದ ಆ ಮೂವರು ಬಿಯಾಫ್ರಾನಿಲ್ಲದೆಯೇ ಹಳೆಯ ಹೆಸರಿನಲ್ಲಿ ಹಾಡತೊಡಗಿದರು. ಪೆಲಿಗ್ರೋ 2022ರಲ್ಲಿ ತೀರಿಕೊಂಡನು. ಜಮಾಖರ್ಚಿನ ಪುಸ್ತಕವನ್ನು ನೇರವಾಗಿ ಇಡದ ಸಂಘಟನೆಗಳು ಹೇಗೆ ಒಡೆಯುತ್ತವೆ ಎಂಬುದನ್ನು ಕಲಿಯಲು ಮಲೆನಾಡಿನವರು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋಗಬೇಕಿಲ್ಲ. ಆದರೆ ಗಾಯಕನ ಲೆಕ್ಕ ತಪ್ಪಿತೆಂದು ಕೀಪೋನ್ ಶುದ್ಧವಾಗುವುದೂ ಇಲ್ಲ.

ಅಮೆರಿಕ ತನ್ನ ನೆಲದಲ್ಲಿ ಕೀಪೋನನ್ನು 1970ರ ದಶಕ ಮುಗಿಯುವ ಮೊದಲೇ ಕೈಬಿಟ್ಟಿತು. ಅದರ ಇನ್ನೊಂದು ಹೆಸರು ಕ್ಲೋರ್‌ಡೆಕೋನ್. ಆ ಹೆಸರಿನಲ್ಲಿ ಅದು ಫ್ರಾನ್ಸಿನ ಅಧೀನದ ಮಾರ್ಟಿನಿಕ್, ಗ್ವಾಡೆಲೂಪ್ ದ್ವೀಪಗಳ ಬಾಳೆತೋಟಗಳಲ್ಲಿ 1972ರಿಂದ 1993ರವರೆಗೆ ಮುಂದುವರಿಯಿತು. ಫ್ರಾನ್ಸ್ 1990ರಲ್ಲಿ ನಿಷೇಧಿಸಿದ ಮೇಲೂ ದ್ವೀಪಗಳಿಗೆ ವಿನಾಯಿತಿ ಸಿಕ್ಕಿತು. ವಿಜ್ಞಾನಿಗಳಿಗಿಂತ ಮೊದಲು ಅಲ್ಲಿ ಕೂಗಿದವರು ಕೂಲಿಗಳು. 1974ರ ಫೆಬ್ರವರಿಯಲ್ಲಿ ಮಾರ್ಟಿನಿಕ್‌ನ ಬಾಳೆತೋಟದ ಕೂಲಿಗಳು ಮುಷ್ಕರ ಹೂಡಿದಾಗ ವಿಷಪುಡಿಗಳನ್ನು ನಿಲ್ಲಿಸಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಉತ್ತರವಾಗಿ ಬಂದದ್ದು ಗುಂಡು, ಕೂಲಿಯೊಬ್ಬ ಸತ್ತನು. ಆ ದ್ವೀಪಗಳ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಕ್ಲೋರ್‌ಡೆಕೋನ್ ಇರುವುದನ್ನು ಫ್ರಾನ್ಸಿನ ಆರೋಗ್ಯ ಸಂಸ್ಥೆಯೇ ದಾಖಲಿಸಿದೆ. ಮಣ್ಣಿನಿಂದ ಅದು ಕೆಸು, ಗೆಣಸುಗಳಂಥ ಗೆಡ್ಡೆಗೂ, ಹಿತ್ತಿಲ ಕೋಳಿಯ ಮೊಟ್ಟೆಗೂ, ಹೊಳೆಯ ಮೀನಿಗೂ ಬರುತ್ತದೆ. ಅರ್ಥಾತ್, ಅಂಗಡಿಯಿಂದ ತಂದು ತಿನ್ನುವವನಿಗಿಂತ ತಾನೇ ಬೆಳೆದು ತಿನ್ನುವ ಬಡವನಿಗೆ ಅಪಾಯ ಹೆಚ್ಚು. ಈ ವಿಷಕ್ಕೂ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟಿದೆಯೆಂದು 2010ರಲ್ಲಿ ಅಧ್ಯಯನವೊಂದು ತೋರಿಸಿತು. 2021ರಲ್ಲಿ ಫ್ರಾನ್ಸ್ ಅದನ್ನು ತೋಟದ ಕೆಲಸಗಾರರ ವೃತ್ತಿರೋಗವೆಂದು ಒಪ್ಪಿತು. 2023ರ ಜನವರಿಯಲ್ಲಿ ಪ್ಯಾರಿಸ್ಸಿನ ತನಿಖಾ ನ್ಯಾಯಾಧೀಶರು ಇದು ಆರೋಗ್ಯದ ಹಗರಣವೆಂದು ಬರೆದು, ಯಾರ ಮೇಲೂ ಮೊಕದ್ದಮೆ ನಡೆಸದೆ ಕಡತ ಮುಚ್ಚಿದರು.

ಈ ಕಥೆ ಕನ್ನಡಿಗರ ಮನೆಗೆ ಬಂದದ್ದು ಬೇರೆ ಹೆಸರಿನಲ್ಲಿ. ಕ್ಲೋರ್‌ಡೆಕೋನ್ ತಯಾರಾಗುವ ಮೂಲದ್ರವ್ಯ ಹೆಕ್ಸಾಕ್ಲೋರೋಸೈಕ್ಲೋಪೆಂಟಾಡೈಯೀನ್. ಅದೇ ಮೂಲದ್ರವ್ಯದಿಂದ, ಬೇರೆ ದಾರಿಯಲ್ಲಿ, ತಯಾರಾಗುವುದು ಎಂಡೋಸಲ್ಫಾನ್. ಗೆದ್ದಲಿಗೆಂದು ರೈತರು ಬುಡಕ್ಕೆ ಹಾಕುತ್ತಿದ್ದ, ಭಾರತದಲ್ಲಿ 1996ರಲ್ಲಿ ನಿಷೇಧಗೊಂಡ ಆಲ್ಡ್ರಿನ್ ಸಹ ಅದೇ ಬಳ್ಳಿಯ ಕಾಯಿ. ಎಂಡೋಸಲ್ಫಾನ್ ಮಣ್ಣಿನಲ್ಲಿ ಕೀಪೋನಿನಷ್ಟು ಕಾಲ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಅದು ಒಡೆದು ಹುಟ್ಟುವ ಸಲ್ಫೇಟ್ ರೂಪವೂ ವಿಷವೇ, ಹೆಚ್ಚು ಬಾಳುವಂಥದ್ದೂ ಹೌದು. ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಸರ್ಕಾರಿ ನಿಗಮವೂ, ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಕರ್ನಾಟಕದ ಸರ್ಕಾರಿ ನಿಗಮವೂ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದವು. ಕೆಳಗೆ ತೆರೆದ ಬಾವಿ, ಸುರಂಗದ ನೀರು, ಮನೆ, ಶಾಲೆ. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿವೆಯೆಂದು ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದಿದ್ದರು. ‘ಕೀಪೋನ್ ಫ್ಯಾಕ್ಟರಿ’ ಹಾಡು ಹೊರಬಂದ ಕಾಲವೇ ಅದು. ಪಡ್ರೆಯ ದನಿಯನ್ನು ಕೇಳಿದವರಾದರೂ ಎಷ್ಟು ಮಂದಿ?

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿ, ಸಿಂಪಡಣೆಯಿಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿ ತೊಂದರೆ ಇದೆಯೆಂದಿತು. ಅದರ ಬೆನ್ನಿಗೆ ಕೃಷಿ ವಿಜ್ಞಾನಿಗಳ ನೇತೃತ್ವದ ಸರ್ಕಾರಿ ಸಮಿತಿಗಳು ಕುಳಿತು ಸಂಬಂಧ ಸಾಬೀತಾಗಿಲ್ಲವೆಂದವು. ವಿಷ ತಯಾರಿಸುವವರಲ್ಲಿ ಸರ್ಕಾರದ್ದೇ ಕಂಪನಿಯೂ ಇತ್ತು. ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಭಾರತ ವರ್ಷಗಟ್ಟಲೆ ಎಂಡೋಸಲ್ಫಾನಿನ ಪರ ನಿಂತಿತು. ಕ್ಲೋರ್‌ಡೆಕೋನ್ 2009ರಲ್ಲಿ ಸ್ಟಾಕ್‌ಹೋಂ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಎಂಡೋಸಲ್ಫಾನ್ 2011ರಲ್ಲಿ. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ನೀಡಿತು. ಕೊಕ್ಕಡ, ಪಟ್ರಮೆಗಳ ತಾಯಂದಿರ ತೋಳಿನಲ್ಲಿ ಆಗಲೇ ಇಪ್ಪತ್ತು ವರ್ಷದ ‘ಮಕ್ಕಳು’ ಇದ್ದರು.

ಶಿಫಾರಸು ಮಾಡಿದ ಪ್ರಮಾಣದಲ್ಲಿ, ಶಿಫಾರಸು ಮಾಡಿದ ರೀತಿಯಲ್ಲಿ ಬಳಸಿದರೆ ಅಪಾಯವಿಲ್ಲ ಎಂಬ ಮಂತ್ರವನ್ನು ಕೃಷಿ ವಿಶ್ವವಿದ್ಯಾಲಯಗಳು ಇಂದಿಗೂ ಕಲಿಸುತ್ತವೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿಕೊಳ್ಳಿ ಎಂದೂ ಹೇಳುತ್ತವೆ: ಕೆಂಪು ಅತ್ಯಂತ ಅಪಾಯಕಾರಿ, ನಂತರ ಹಳದಿ, ನೀಲಿ, ಹಸಿರು. ಆ ಬಣ್ಣ ನಿರ್ಧಾರವಾಗುವುದು ಒಂದೇ ಸಲ ಕೊಟ್ಟ ವಿಷದಿಂದ ಅರ್ಧದಷ್ಟು ಇಲಿಗಳು ಸಾಯಲು ಬೇಕಾಗುವ ಪ್ರಮಾಣದ ಮೇಲೆ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 50 ಮಿಲಿಗ್ರಾಂವರೆಗೆ ಕೆಂಪು. 51ರಿಂದ 500ರವರೆಗೆ ಹಳದಿ. ದಿನವೂ ಚಿಟಿಕೆ ಚಿಟಿಕೆಯಾಗಿ ಮೈ ಸೇರಿ ವರ್ಷದ ಮೇಲೆ ಕೈ ನಡುಗಿಸುವ, ಸಂತಾನಶಕ್ತಿ ಕುಂದಿಸುವ, ನದಿಯನ್ನು ಹದಿಮೂರು ವರ್ಷ ಮುಚ್ಚಿಸುವ ಗುಣವನ್ನು ಅಳೆಯಲು ಆ ತ್ರಿಕೋನಕ್ಕೆ ಬಣ್ಣವೇ ಇಲ್ಲ. ಇಲಿಗಳಲ್ಲಿ ಕೀಪೋನಿನ ಆ ಪ್ರಮಾಣ ಸುಮಾರು 100 ಮಿಲಿಗ್ರಾಂ. ಭಾರತದ ಅಂಗಡಿಯಲ್ಲಿ ಅದು ಮಾರಾಟಕ್ಕಿದ್ದಿದ್ದರೆ, ಡಬ್ಬಿಯ ಮೇಲೆ ಕೆಂಪು ಕೂಡ ಇರುತ್ತಿರಲಿಲ್ಲ, ಹಳದಿ ಇರುತ್ತಿತ್ತು.